ಚಳಿಗಾಲಕ್ಕೆ ಕೈತೋಟದ ಬಾಗಿಲು ಹಾಕಬೇಡಿ

ನಮಸ್ಕಾರ. ಚಳಿ ಶುರುವಾಯ್ತು ಅಂದ್ರೆ ಸಾಕು, ಕೈತೋಟ ಮಾಡೋರಲ್ಲಿ ಎಷ್ಟೋ ಜನ ಗುದ್ದಲಿ ತೊಳೆದು ಮೂಲೆಗೆ ಇಟ್ಟುಬಿಡ್ತಾರೆ. ಬಾಡಿದ ಟೊಮೆಟೊ ಗಿಡ ಕಿತ್ತು, ಮಡಿಯನ್ನ ಬರಿದಾಗಿ ಬಿಟ್ಟು, "ಚಳಿ ಹೋಗ್ಲಿ, ಆಮೇಲೆ ನೋಡೋಣ" ಅಂತ ಒಳಗೆ ಹೋಗ್ತಾರೆ. ಇದನ್ನ ನೋಡಿದಾಗೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತೆ. ಯಾಕಂದ್ರೆ ವರ್ಷದಲ್ಲೇ ರುಚಿಯಾದ ಪಾಲಕ್, ಸಿಹಿಯಾದ ಕ್ಯಾರೆಟ್ ಸಿಗೋದು ಇದೇ ತಿಂಗಳುಗಳಲ್ಲಿ.

ಕೊರೆಯೋ ಚಳಿ ಬಿದ್ದ ಒಂದು ರಾತ್ರಿ ಕಳೆದು ಬೆಳಗಾಗ್ತಿದ್ದಂತೆ ಪಾಲಕ್ ಮಡಿ ಹತ್ತಿರ ಹೋಗಿ ನೋಡಿ. ಎಲೆಗಳು ನೆಲಕ್ಕೆ ಅಂಟಿಕೊಂಡು ಮಲಗಿರ್ತವೆ. ಬಣ್ಣ ಕಪ್ಪಾಗಿರುತ್ತೆ, ಅಂಚಿನುದ್ದಕ್ಕೂ ಬಿಳಿ ಹರಳು. ಬೆರಳಿಂದ ಮುಟ್ಟಿದ್ರೆ ಗಾಜಿನ ಹಾಗೆ ಗಟ್ಟಿ. ಗಿಡ ಸತ್ತೇ ಹೋಯ್ತು ಅಂತ ಯಾರಿಗಾದ್ರೂ ಅನ್ನಿಸಬೇಕು. ಅಲ್ಲೇ ಒಂದೆರಡು ಗಂಟೆ ತಡೆಯಿರಿ. ಬಿಸಿಲು ತಾಗಿದಂತೆ ಆ ಹರಳು ಕರಗಿ ಹನಿಯಾಗುತ್ತೆ, ಎಲೆ ಮೆಲ್ಲಗೆ ಹಸಿರಿಗೆ ತಿರುಗುತ್ತೆ, ತೊಟ್ಟು ತಲೆ ಎತ್ತುತ್ತೆ. ಮಧ್ಯಾಹ್ನದ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ನಿಂತಿರುತ್ತೆ.

ಚಳಿಗೆ ನಿಧಾನವಾಗಿ ಒಗ್ಗಿದ ಗಿಡದಲ್ಲಿ ಮಂಜುಗಡ್ಡೆ ಕಟ್ಟೋದು ಜೀವಕೋಶಗಳ ಹೊರಗೆ, ಅವುಗಳ ನಡುವಿನ ಸಂದಿಯಲ್ಲಿ. ಕೋಶದ ಒಳಗಿನ ನೀರು ಆಚೆ ಬರುತ್ತೆ, ಕರಗಿದ ಮೇಲೆ ವಾಪಸ್ ಹೋಗುತ್ತೆ. ಜೊತೆಗೆ ಗಿಡ ತನ್ನಲ್ಲಿರೋ ಪಿಷ್ಟವನ್ನ ಸಕ್ಕರೆ ಮಾಡ್ಕೊಳ್ಳುತ್ತೆ, ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟೋದಿಲ್ಲವಲ್ಲ. ಚಳಿಗಾಲದ ಕ್ಯಾರೆಟ್‌ಗೆ ಆ ಸಿಹಿ ಬರೋದೇ ಹೀಗೆ. ಗಿಡ ತನ್ನ ಜೀವ ಉಳಿಸಿಕೊಳ್ಳೋಕೆ ಮಾಡ್ಕೊಂಡಿದ್ದು ನಮ್ಮ ನಾಲಿಗೆಗೆ ರುಚಿಯಾಗುತ್ತೆ. ಒಂದು ಮಾತ್ರ ನೆನಪಿರಲಿ: ಎಲೆ ಹೆಪ್ಪುಗಟ್ಟಿದ್ದಾಗ ಕೀಳಬೇಡಿ. ಆಗ ಕಿತ್ತ ಎಲೆ ಒಳಗೆ ತಂದ ಮೇಲೆ ಜೋತು ಬೀಳುತ್ತೆ, ಚೇತರಿಸಿಕೊಳ್ಳಲ್ಲ. ಕರಗಿ ನೆಟ್ಟಗಾದ ಮೇಲೆ ಕೊಯ್ಯಿರಿ.

ಹಾಗಾದ್ರೆ ಚಳಿಗಾಲದ ತೋಟ ಸೋಲೋದು ಎಲ್ಲಿ? ಎಲ್ಲರೂ ಚಳಿಯನ್ನೇ ಬಯ್ತಾರೆ. ನಾನು ಹೇಳೋದು ಬೆಳಕಿನ ವಿಚಾರ. ಹಗಲು ಸುಮಾರು 10 ಗಂಟೆಗಿಂತ ಕಮ್ಮಿ ಆಯ್ತು ಅಂದ್ರೆ ಹೆಚ್ಚಿನ ತರಕಾರಿಗಳ ಬೆಳವಣಿಗೆ ನಿಂತ ಹಾಗೇ. ಸಮಭಾಜಕ ವೃತ್ತದ ಹತ್ತಿರ ಇರೋರಿಗೆ ಈ ಸಮಸ್ಯೆ ಇಲ್ಲ, ಅಲ್ಲಿ ವರ್ಷವಿಡೀ ಹಗಲು ಹೆಚ್ಚುಕಮ್ಮಿ 12 ಗಂಟೆ. ಆದ್ರೆ 40 ಡಿಗ್ರಿ ಅಕ್ಷಾಂಶದಲ್ಲಿ ವರ್ಷದ ಅತಿ ಚಿಕ್ಕ ಹಗಲು ಒಂಬತ್ತೂಕಾಲು ಗಂಟೆ ಚಿಲ್ಲರೆ, 50ರಲ್ಲಿ ಎಂಟು ಗಂಟೆಯ ಆಸುಪಾಸು. ಅಂಥ ಕಡೆ ಚಳಿ ಬಂದ ಮೇಲೆ ಬಿತ್ತಿದ ಬೀಜ ಮೊಳೆತರೂ ಎರಡೆಲೆ ಬಿಟ್ಟು ಸುಮ್ಮನೆ ಕೂತಿರುತ್ತೆ. ಗೊಬ್ಬರ ಹಾಕಿದ್ರೂ ಅಷ್ಟೇ, ನೀರು ಹಾಕಿದ್ರೂ ಅಷ್ಟೇ.

ಅದಕ್ಕೇ ನಾನು ಮತ್ತೆ ಮತ್ತೆ ಹೇಳೋದು, ಚಳಿಗಾಲದ ತೋಟದ ಕೆಲಸ ಮಾಡೋದು ಚಳಿಗೂ ಮುಂಚೆ. ಇನ್ನೂ ಬೆವರು ಬರೋ ದಿನಗಳಲ್ಲೇ ಕ್ಯಾರೆಟ್ ಬಿತ್ತಬೇಕು, ಎಲೆಕೋಸಿನ ಸಸಿ ನಾಟಿ ಆಗಬೇಕು. ಪಾಲಕ್ ಸ್ವಲ್ಪ ತಡವಾದ್ರೂ ನಡೆಯುತ್ತೆ. ಹಗಲು 10 ಗಂಟೆಗೆ ಇಳಿಯೋ ಹೊತ್ತಿಗೆ ಗಿಡ ಮುಕ್ಕಾಲು ಭಾಗ ಬೆಳೆದಿರಬೇಕು. ಆಮೇಲೆ ನಿಮ್ಮ ಮಡಿ ಒಂದು ಕಣಜ ಇದ್ದ ಹಾಗೆ. ಅಲ್ಲಿ ಹೊಸದಾಗಿ ಬೆಳೆಯೋದು ಕಮ್ಮಿ, ಆದ್ರೆ ಇರೋದು ಕೆಡದೆ ತಾಜಾ ಆಗಿ ನಿಂತಿರುತ್ತೆ, ಬೇಕಾದಾಗ ಹೋಗಿ ತರಬಹುದು. ಎಷ್ಟು ಗಿಡ ಹಾಕಬೇಕು ಅನ್ನೋ ಲೆಕ್ಕವೂ ಇದರಿಂದಲೇ ಬದಲಾಗುತ್ತೆ. ಕಿತ್ತ ಜಾಗದಲ್ಲಿ ಬೇಗ ಚಿಗುರು ಬರಲ್ಲ ಅಂದ ಮೇಲೆ, ಬೇರೆ ಕಾಲಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹಾಕ್ಕೊಳ್ಳಿ.

ಈಗ ಹೊದಿಕೆ ವಿಷಯ. ಹೀಟರ್ ಇಡೋದು, ಕಿಟಕಿ ಹತ್ತಿರ ದೀಪ ಹಾಕಿ ಟೊಮೆಟೊ ಬೆಳೆಯೋದು, ಇದನ್ನ ನಾನು ಒಪ್ಪಲ್ಲ. ಅಷ್ಟೆಲ್ಲ ಕರೆಂಟು ಸುಟ್ಟು ನಾಲ್ಕು ಸಪ್ಪೆ ಹಣ್ಣು ತಿನ್ನೋ ಬದಲು, ಆ ಕಾಲ ಏನು ಕೊಡುತ್ತೋ ಅದನ್ನ ತಿನ್ನೋಣ. ಕಿಟಕಿ ಹತ್ತಿರ ಏನಾದ್ರೂ ಬೆಳೆಯಲೇಬೇಕು ಅಂದ್ರೆ ತಟ್ಟೆಯಲ್ಲಿ ಬಟಾಣಿ ಬಿತ್ತಿ ಅದರ ಎಳೆ ಚಿಗುರು ಕತ್ತರಿಸಿ. ಹೊರಗಿನ ಮಡಿಗೆ ಬೇಕಾಗಿರೋದು ತೆಳುವಾದ ಒಂದು ಬಟ್ಟೆ, ಅದಕ್ಕೆ ಬಗ್ಗಿಸಿದ ಕಡ್ಡಿಗಳ ಆಸರೆ. ಆಕಾಶ ತಿಳಿಯಾಗಿರೋ ರಾತ್ರಿ ನೆಲದ ಬಿಸಿ ಸೀದಾ ಮೇಲಕ್ಕೆ ಹೋಗಿಬಿಡುತ್ತೆ. ಮೋಡ ಕವಿದ ರಾತ್ರಿಗಿಂತ ತಿಳಿ ರಾತ್ರಿ ಹೆಚ್ಚು ಕೊರೆಯೋದು ಅದಕ್ಕೇ. ಆ ಬಟ್ಟೆ ಎರಡು ಡಿಗ್ರಿ ಉಳಿಸಿಕೊಟ್ಟರೂ ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. ಇನ್ನೂ ಗಟ್ಟಿ ರಕ್ಷಣೆ ಬೇಕಿದ್ರೆ, ನಾಲ್ಕು ಹಲಗೆ ಹೊಡೆದ ತಳವಿಲ್ಲದ ಪೆಟ್ಟಿಗೆ ಮಡಿ ಮೇಲಿಟ್ಟು, ಹಳೇ ಕಿಟಕಿಯ ಗಾಜನ್ನ ಮುಚ್ಚಳ ಮಾಡಿ.

ಆ ಗಾಜಿನ ಪೆಟ್ಟಿಗೆ ಬಗ್ಗೆ ಒಂದು ಮಾತು, ನನಗೇ ಆದ ನಷ್ಟ ಇದು. ಚೆನ್ನಾಗಿ ಬಿಸಿಲಿದ್ದ ಒಂದು ಚಳಿ ದಿನ ಮುಚ್ಚಳ ಹಾಗೇ ಬಿಟ್ಟು ಹೊರಗೆ ಹೋಗಿದ್ದೆ. ಸಂಜೆ ಬಂದು ತೆಗೆದ್ರೆ ಬೇಯಿಸಿದ ಸೊಪ್ಪಿನ ವಾಸನೆ. ಎರಡು ತಿಂಗಳ ಲೆಟಿಸ್ ಪೂರ್ತಿ ಬೆಂದುಹೋಗಿತ್ತು. ಹೊರಗೆ ಕೈ ಮರಗಟ್ಟೋ ಚಳಿ ಇದ್ರೂ ಗಾಜಿನ ಒಳಗೆ ಅಷ್ಟು ಬಿಸಿ ಏರುತ್ತೆ. ಅವತ್ತಿಂದ ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ಮುಚ್ಚಳಕ್ಕೆ ಒಂದು ಕಡ್ಡಿ ಕೊಟ್ಟು ಎತ್ತಿ ನಿಲ್ಲಿಸ್ತೀನಿ, ಇಳಿಬಿಸಿಲಿರುವಾಗಲೇ ಮುಚ್ತೀನಿ.

ಇದೇನೂ ಹೊಸ ವಿದ್ಯೆ ಅಲ್ಲ. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ತರಕಾರಿ ಬೆಳೆಗಾರರು ಚಳಿಗಾಲವಿಡೀ ಊರಿಗೆ ಸೊಪ್ಪು ಕೊಡ್ತಿದ್ದರು. ಕರೆಂಟ್ ಎಲ್ಲಿತ್ತು? ಲಾಯಗಳಿಂದ ಹಸಿ ಕುದುರೆ ಲದ್ದಿ ತಂದು ದಪ್ಪಗೆ ಹಾಸಿ, ಮೇಲೆ ಮಣ್ಣು ಹಾಕಿ, ಆ ಲದ್ದಿ ಕೊಳೆಯುವಾಗ ಹುಟ್ಟೋ ಬಿಸಿಯಲ್ಲೇ ಬೆಳೀತಿದ್ದರು. ಗಿಡದ ಮೇಲೆ ಗಂಟೆಯಾಕಾರದ ಗಾಜಿನ ಬುರುಡೆ, ರಾತ್ರಿ ಅದರ ಮೇಲೆ ಹುಲ್ಲಿನ ಚಾಪೆ. ಊರಲ್ಲಿ ಕುದುರೆ ಹೋಗಿ ಮೋಟಾರು ಬಂದ ಮೇಲೆ ಲದ್ದಿಯೂ ಕಮ್ಮಿಯಾಯ್ತು. ಆ ಜನರ ಕೈಗುಣ ನೆನೆದಾಗ ನನಗೆ ನಿಜವಾಗಿ ಗೌರವ ಬರುತ್ತೆ.

ನೀರು ಕೊಡೋದು ತೀರಾ ಕಮ್ಮಿ ಮಾಡಿ, ಕೊಟ್ಟರೆ ಬೆಳಿಗ್ಗೆ ಕೊಡಿ. ಆದ್ರೆ ಮಣ್ಣು ಪೂರ್ತಿ ಒಣಗೋಕೆ ಬಿಡಬೇಡಿ, ಹದವಾಗಿ ತೇವ ಇರೋ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಹೊದಿಕೆ ಒಳಗೆ ಸಸ್ಯಹೇನು ಬೆಚ್ಚಗೆ ಸಂಸಾರ ಹೂಡುತ್ತೆ, ಎಲೆ ಮಗುಚಿ ನೋಡ್ತಿರಿ. ಏನೂ ಬೆಳೆಯಲ್ಲ ಅಂತ ತೀರ್ಮಾನ ಮಾಡಿದ ಮಡಿಯನ್ನಾದ್ರೂ ಒಣ ಎಲೆಯಿಂದ ಮುಚ್ಚಿ. ಬರಿ ಮಣ್ಣನ್ನ ಮಳೆ, ಗಾಳಿಗೆ ಬಿಡಬೇಡಿ.

ಮತ್ತೆ ಬೆಳ್ಳುಳ್ಳಿ. ಅದಕ್ಕೆ ಚಳಿ ಬೇಕೇ ಬೇಕು. ಸಾಕಷ್ಟು ಚಳಿ ತಿನ್ನದ ಬೆಳ್ಳುಳ್ಳಿ ಎಸಳು ಒಡೆಯದೆ ಒಂದೇ ಉಂಡೆಯಾಗಿ ಉಳಿಯುತ್ತೆ. ಚಳಿಗೆ ಮುಂಚೆ ಒಂದೊಂದೇ ಎಸಳು, ಚೂಪು ತುದಿ ಮೇಲೆ ಬರೋ ಹಾಗೆ ಊರಿ, ಒಣ ಎಲೆ ಹೊದಿಸಿ ಬಿಟ್ಟುಬಿಡಿ.

ಹಗಲು ತಿರುಗಿ 10 ಗಂಟೆ ದಾಟಿದ ವಾರ ಆ ಪಾಲಕ್ ಮಡಿಗೆ ಇನ್ನೊಂದು ಸಲ ಹೋಗಿ. ಹೊರಗಿನ ಎಲೆಗಳು ಚಳಿ ತಿಂದು ಹಳದಿಯಾಗಿರ್ತವೆ, ಅವನ್ನ ಬಿಡಿಸಿ ಹಾಕಿ. ನಡುವೆ ಬೆರಳುಗುರಿನಷ್ಟು ಎಳೆ ಹಸಿರು ಎದ್ದಿರುತ್ತೆ. ಬೇರು ಆಗಲೇ ಆಳಕ್ಕೆ ಇಳಿದಿರೋದ್ರಿಂದ, ನೀವು ಅವತ್ತು ಹೊಸದಾಗಿ ಬಿತ್ತಿದ ಬೀಜ ಮಣ್ಣಿಂದ ತಲೆ ಎತ್ತೋ ಹೊತ್ತಿಗೆ ಈ ಗಿಡದಿಂದ ಒಂದು ಹಿಡಿ ಸೊಪ್ಪು ಒಳಗೆ ತಂದಿರ್ತೀರಿ.