ಪೆರೋಲ್ ಅಂದರೆ ರಜೆ, ಬಿಡುಗಡೆಯಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಸರಾಂತ ಆಟಗಾರನೊಬ್ಬ ಜೈಲು ಸೇರಿದ ಸುದ್ದಿ ಬಂದರೆ ಸಾಕು, ನಮ್ಮ ದರ್ಶಿನಿಗಳಲ್ಲಿ ಕಾಫಿ ಆರುವ ಮೊದಲೇ ತೀರ್ಪು ಹೊರಬೀಳುತ್ತದೆ: "ಬಿಡ್ರೀ ಸ್ವಾಮಿ, ದುಡ್ಡಿದ್ದೋರು, ಪೆರೋಲ್ ಮೇಲೆ ಆಚೆ ಬರ್ತಾರೆ." ಹೀಗೆ ಹೇಳುವ ಹತ್ತು ಜನರಲ್ಲಿ ಒಂಬತ್ತು ಜನ ಜಾಮೀನನ್ನು ಪೆರೋಲ್ ಅಂದುಕೊಂಡಿರುತ್ತಾರೆ.

ವಿಚಾರಣೆ ಮುಗಿಯುವ ಮೊದಲು ಹೊರಗೆ ಬಂದರೆ ಅದು ಜಾಮೀನು. ಶಿಕ್ಷೆಯಾದ ಮೇಲೆ, ತಾಯಿಗೆ ಕಾಯಿಲೆ, ಮಗಳ ಮದುವೆ ಅಂತ ಕೆಲವು ದಿನ ಮನೆಗೆ ಹೋಗಿ ಮತ್ತೆ ಒಳಗೆ ಬಂದರೆ ಅದು ಪೆರೋಲ್. ಶಿಕ್ಷೆಯ ದಿನಗಳೇ ಕಡಿಮೆಯಾದರೆ ಅದು ಮಾಫಿ, ಕಡತದ ಭಾಷೆಯಲ್ಲಿ ರೆಮಿಷನ್. ಪೆರೋಲ್ ರಜೆ, ಬಿಡುಗಡೆಯಲ್ಲ.

ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಪ್ರಕರಣ ನೋಡಿ. 1988ರ ಡಿಸೆಂಬರ್ 27, ಪಟಿಯಾಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಜಗಳ, ಕೈ ಮಿಲಾಯಿಸಿತು, 65 ವರ್ಷದ ಹಿರಿಯರೊಬ್ಬರು ತೀರಿಕೊಂಡರು. 1999ರಲ್ಲಿ ಕೆಳಗಿನ ಕೋರ್ಟು ಸಿಧು ಅವರನ್ನು ಖುಲಾಸೆ ಮಾಡಿತು. 2006ರಲ್ಲಿ ಹೈಕೋರ್ಟು ಮೂರು ವರ್ಷ ಸಜೆ ಕೊಟ್ಟಿತು. 2018ರಲ್ಲಿ ಸುಪ್ರೀಂ ಕೋರ್ಟು, ಇದು ಗಾಯಗೊಳಿಸಿದ ಅಪರಾಧ ಅಷ್ಟೇ, ಐಪಿಸಿ 323ನೇ ಕಲಂ, 1000 ರೂಪಾಯಿ ದಂಡ ಸಾಕು ಎಂದಿತು. ಇಲ್ಲಿಗೆ ಮುಗಿಯಿತು ಅಂದುಕೊಂಡರೆ, ಮೃತರ ಮನೆಯವರು ಪುನರ್‌ಪರಿಶೀಲನಾ ಅರ್ಜಿ ಹಾಕಿದರು. 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟು ಒಂದು ವರ್ಷ ಕಠಿಣ ಸಜೆ ವಿಧಿಸಿತು. ಆ ಕಲಮಿನಲ್ಲಿ ಅದಕ್ಕಿಂತ ಹೆಚ್ಚು ಕೊಡಲು ಬರುತ್ತಲೇ ಇರಲಿಲ್ಲ. ಕೊಟ್ಟ ಕಾರಣವನ್ನು ಗಮನಿಸಿ: ಕುಸ್ತಿಪಟು, ಬಾಕ್ಸರ್, ಕ್ರಿಕೆಟಿಗ, ಇಂಥವರ ಬರಿಗೈಯೂ ಆಯುಧವಾಗಬಲ್ಲದು, ಆ ಏಟಿನ ಬಲ ಅವರಿಗೆ ಗೊತ್ತಿರಬೇಕು. ಅಂದರೆ ಆಟಗಾರನ ಮೈಕಟ್ಟೇ ಶಿಕ್ಷೆ ಹೆಚ್ಚಿಸಿತು! ಇದನ್ನು ದರ್ಶಿನಿಯಲ್ಲಿ ಯಾರೂ ಹೇಳುವುದಿಲ್ಲ.

ಮರುದಿನವೇ ಶರಣಾದರು. ಜೈಲಿನಲ್ಲಿ ಗುಮಾಸ್ತೆ ಕೆಲಸ. 2023ರ ಗಣರಾಜ್ಯೋತ್ಸವಕ್ಕೆ ಬಿಡುತ್ತಾರೆಂದು ಅಭಿಮಾನಿಗಳು ಸ್ವಾಗತಕ್ಕೆ ಸಜ್ಜಾದರು, ಬಿಡಲಿಲ್ಲ. ಹೊರಗೆ ಬಂದದ್ದು ಏಪ್ರಿಲ್ 1ಕ್ಕೆ, ವರ್ಷ ತುಂಬಲು ಒಂದೂವರೆ ತಿಂಗಳು ಇರುವಾಗ. ಆ ಒಂದೂವರೆ ತಿಂಗಳು ಸನ್ನಡತೆಯ ಮಾಫಿ. ಪೆರೋಲ್ ಅಲ್ಲ, ದಯವಿಟ್ಟು!

ಇನ್ನು ಗೊಂದಲ ಹುಟ್ಟಿಸುವುದು ವಿದೇಶದ ಸುದ್ದಿ. ಅಲ್ಲಿ ಪೆರೋಲ್ ಎಂದರೆ ಉಳಿದ ಶಿಕ್ಷೆಯನ್ನು ಷರತ್ತಿನ ಮೇಲೆ ಹೊರಗಿದ್ದು ಕಳೆಯುವುದು. ಓಟಗಾರ ಆಸ್ಕರ್ ಪಿಸ್ಟೋರಿಯಸ್‌ಗೆ ದಕ್ಷಿಣ ಆಫ್ರಿಕಾದ ಮೇಲ್ಮನವಿ ಕೋರ್ಟು 2017ರಲ್ಲಿ 13 ವರ್ಷ 5 ತಿಂಗಳು ನಿಗದಿ ಮಾಡಿತು. ಅರ್ಧ ಮುಗಿಸಿದರೆ ಪೆರೋಲಿಗೆ ಅರ್ಹ. ಆದರೆ ಯಾವ ದಿನದಿಂದ ಎಣಿಸಬೇಕು ಎಂಬಲ್ಲೇ ಎಡವಟ್ಟಾಗಿ, 2023ರ ಮಾರ್ಚಿನಲ್ಲಿ ಅರ್ಜಿ ತಿರಸ್ಕೃತವಾಯಿತು. ಲೆಕ್ಕ ಸರಿಯಾಗಿ 2024ರ ಜನವರಿ 5ಕ್ಕೆ ಹೊರಗೆ ಬಂದ. ಮದ್ಯ ಮುಟ್ಟುವಂತಿಲ್ಲ, ಪತ್ರಕರ್ತರಿಗೆ ಸಂದರ್ಶನ ಕೊಡುವಂತಿಲ್ಲ, ಶಿಕ್ಷೆ ಮುಗಿಯುವುದು 2029ರ ಡಿಸೆಂಬರಿಗೆ. ಅಮೆರಿಕದ ಫುಟ್‌ಬಾಲ್ ಆಟಗಾರ ಓ.ಜೆ. ಸಿಂಪ್ಸನ್ 33 ವರ್ಷದ ಶಿಕ್ಷೆಯಲ್ಲಿ ಒಂಬತ್ತಕ್ಕೆ, 2017ರಲ್ಲಿ, ಹೊರಬಂದದ್ದೂ ಇಂಥದೇ ಪೆರೋಲಿನಲ್ಲಿ. ಆ ಪೆರೋಲನ್ನು ನಮ್ಮ ಪರಪ್ಪನ ಅಗ್ರಹಾರಕ್ಕೆ ತಂದು ಹಚ್ಚಬೇಡಿ.

ಸಮಯ ಆಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಇಲ್ಲಿ ಸಜಾಬಂದಿಯ ಅರ್ಜಿ ಜೈಲಿನ ಅಧೀಕ್ಷಕರಿಗೆ ಹೋಗುತ್ತದೆ. ಹೋಗಿ ಉಳಿಯುವ ಊರಿನ ಠಾಣೆಯಿಂದ ಪೊಲೀಸ್ ವರದಿ ಬರಬೇಕು. ಮುಚ್ಚಳಿಕೆ ಬೇಕು, ಜಾಮೀನುದಾರರು ಬೇಕು. ವಿಳಾಸ ಸರಿಯಿಲ್ಲದಿದ್ದರೆ ವರದಿ ಅಲ್ಲೇ ಕೂತುಬಿಡುತ್ತದೆ, ಅಷ್ಟರಲ್ಲಿ ಮದುವೆಯೇ ಮುಗಿದಿರುತ್ತದೆ. ಇನ್ನೊಂದು: ಜೀವಾವಧಿ ಕೈದಿಗಳ ಅವಧಿಪೂರ್ವ ಬಿಡುಗಡೆಗೆ ನೋಡುವ 14 ವರ್ಷದ ಲೆಕ್ಕಕ್ಕೆ ಪೆರೋಲಿನ ದಿನ ಸೇರುವುದಿಲ್ಲವೆಂದು ಗೋವಾ ಕೈದಿಗಳ ಪ್ರಕರಣದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮೂವತ್ತು ದಿನ ಮನೆಯಲ್ಲಿದ್ದು ಬಂದವನು ಆ ಮೂವತ್ತು ದಿನವನ್ನೂ ಒಳಗೆ ಕೂತೇ ತುಂಬಿಕೊಡಬೇಕು, ಅವನು ಬೌಲರ್ ಆಗಿರಲಿ, ಬಸ್ ಕಂಡಕ್ಟರ್ ಆಗಿರಲಿ.

ನಮಸ್ಕಾರ.