ಅಂತರ್ಜಾಲದ ಸಂತೆಗೆ ಸುಂಕ

ಕೇಳುಗರಿಗೆ ನಮಸ್ಕಾರ.

ನೀವು ಮೊಬೈಲಿಗೆ 299 ರೂಪಾಯಿ ರೀಚಾರ್ಜ್ ಮಾಡಿಸಿದಿರಿ ಅನ್ನಿ. ಅದರಲ್ಲಿ ಸುಮಾರು 45 ರೂಪಾಯಿ ಜಿಎಸ್‌ಟಿಗೆ ಹೋಯಿತು. ಉಳಿದದ್ದು ಫೋನ್ ಕಂಪನಿಯ ಆದಾಯ. ಆ ಆದಾಯದಲ್ಲಿ ನೂರಕ್ಕೆ ಎಂಟರಂತೆ ಕಂಪನಿ ಸರ್ಕಾರಕ್ಕೆ ಲೈಸೆನ್ಸ್ ಶುಲ್ಕ ಕಟ್ಟುತ್ತದೆ. ಆ ಎಂಟರಲ್ಲಿ ಐದು ಒಂದೇ ಒಂದು ಕೆಲಸಕ್ಕೆ ಮೀಸಲು. ಲಾಭವಿಲ್ಲ ಅಂತ ಯಾರೂ ಟವರ್ ಹಾಕದ ಊರುಗಳಿಗೆ ಫೋನು, ಇಂಟರ್‌ನೆಟ್ ಮುಟ್ಟಿಸುವ ಕೆಲಸ ಅದು. ಒರಟು ಲೆಕ್ಕದಲ್ಲಿ ನಿಮ್ಮ 299ರಿಂದ 12 ರೂಪಾಯಿಯಷ್ಟು ಅಲ್ಲಿಗೆ ಸೇರುತ್ತದೆ. ಹೆಸರಿಗೆ ಕಟ್ಟುವುದು ಕಂಪನಿ. ಆದರೆ ಅದರ ದುಡ್ಡು ಬರುವುದು ನಿಮ್ಮ ಜೇಬಿನಿಂದ ತಾನೇ?

ಈ ನಿಧಿ 2002ರಲ್ಲಿ ಶುರುವಾಯಿತು. ಆಗ ಹಳ್ಳಿಗೊಂದು ಸಾರ್ವಜನಿಕ ಫೋನು ಇಡುವುದೇ ದೊಡ್ಡ ಗುರಿ. 2003ರ ತಿದ್ದುಪಡಿಯಿಂದ ಇದಕ್ಕೆ ಕಾನೂನಿನ ಬಲ ಬಂತು. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಹೆಸರು ಬದಲಾಗಿ ಡಿಜಿಟಲ್ ಭಾರತ್ ನಿಧಿ ಆಯಿತು. ಹೆಸರು ಬದಲಾದರೂ ದುಡ್ಡು ಕೊಡುವವರು ಬದಲಾಗಲಿಲ್ಲ, ಇವತ್ತಿಗೂ ಫೋನ್, ಇಂಟರ್‌ನೆಟ್ ಸಂಪರ್ಕ ಕೊಡುವ ಕಂಪನಿಗಳು ಮಾತ್ರ.

ಈಗ ಇನ್ನೊಂದು ಕಡೆ ನೋಡಿ. ಆ 299 ರೂಪಾಯಿಯ ಡೇಟಾದಲ್ಲಿ ನೀವು ಮಾಡುವುದೇನು? ವಿಡಿಯೋ ನೋಡುತ್ತೀರಿ, ರೀಲ್ಸ್ ತಿರುವುತ್ತೀರಿ, ಸೀರೆ ತರಿಸುತ್ತೀರಿ. ನಡುನಡುವೆ ಜಾಹೀರಾತು ಬರುತ್ತದೆ. ನಿಮ್ಮ ಕಣ್ಣು ಅದರ ಮೇಲೆ ಬಿದ್ದದ್ದಕ್ಕೆ ಗೂಗಲ್‌ಗೋ ಮೆಟಾಗೋ ಹಣ ಬರುತ್ತದೆ. ಹೊಸದಾಗಿ ಒಂದು ಹಳ್ಳಿಗೆ ನೆಟ್‌ವರ್ಕ್ ಬಂದರೆ ಅವರಿಗೆ ಅಷ್ಟು ಹೊಸ ಗಿರಾಕಿಗಳು ಸಿಕ್ಕಂತೆ. ಆದರೆ ಆ ಹಳ್ಳಿಗೆ ನೆಟ್‌ವರ್ಕ್ ತರುವ ನಿಧಿಗೆ ಆ ಕಂಪನಿಗಳಿಂದ ಬರುವುದು ಸೊನ್ನೆ. ಕೂಲಿ ಮಾಡಿ ರೀಚಾರ್ಜ್ ಮಾಡಿಸುವವನು 12 ರೂಪಾಯಿ ಕೊಡುತ್ತಾನೆ, ಅವನ ಕಣ್ಣನ್ನು ಮಾರಿ ಗಳಿಸುವವರು ಒಂದು ಪೈಸೆ ಕೊಡುವುದಿಲ್ಲ. ಇದು ನ್ಯಾಯವಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಫೋನ್ ಕಂಪನಿಗಳೂ ಇದನ್ನೇ ಹೇಳುತ್ತಿವೆ ಅಂತ ನಿಮಗೆ ಅನ್ನಿಸಬಹುದು. ಅವರ ಸಂಘ ಸಿಒಎಐ ಕೆಲವು ವರ್ಷಗಳಿಂದ ‘ನ್ಯಾಯವಾದ ಪಾಲು’ ಕೇಳುತ್ತಲೇ ಇದೆ. ಅತಿ ಹೆಚ್ಚು ಡೇಟಾ ಹರಿಸುವ ದೊಡ್ಡ ಕಂಪನಿಗಳು ಜಾಲದ ಖರ್ಚಿಗೆ ಹಣ ಕೊಡಬೇಕು ಎಂದು. ಕೇಳಲು ಒಂದೇ ಥರ ಇದೆ, ಒಳಗೆ ಬೇರೆ. ಸಂತೆಯಲ್ಲಿ ಅಂಗಡಿ ಹಾಕಿದವನು ಪಂಚಾಯಿತಿಗೆ ಸುಂಕ ಕಟ್ಟುತ್ತಾನೆ, ಅದು ಸರಿ. ಆದರೆ ಸಂತೆಗೆ ಜನರನ್ನು ಕರೆತಂದ ಬಸ್ಸಿನ ಮಾಲೀಕ ಬಂದು, "ನನ್ನ ಬಸ್ಸಿನಲ್ಲಿ ಬಂದವರೇ ನಿನ್ನ ಗಿರಾಕಿಗಳು, ನನಗೂ ಪಾಲು ಕೊಡು" ಅಂದರೆ? ಜನ ಆಗಲೇ ಟಿಕೆಟ್ ತೆಗೆಸಿದ್ದಾರಲ್ಲ ಸ್ವಾಮಿ! ಅಂಗಡಿಯವನ ಪಾಲು ಹೋಗಬೇಕಾದದ್ದು ಪಂಚಾಯಿತಿಗೆ, ಬಸ್ ಇಲ್ಲದ ಊರಿಗೂ ರಸ್ತೆ ಮಾಡಿಸುವುದಕ್ಕೆ.

ಬಸ್ಸಿನವನ ಮಾತು ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ದಕ್ಷಿಣ ಕೊರಿಯಾ ಇದೆ. ಅಲ್ಲಿ 2016ರಿಂದ, ಒಂದು ಜಾಲ ಇನ್ನೊಂದು ಜಾಲಕ್ಕೆ ಡೇಟಾ ಕಳಿಸಿದರೆ ಕಳಿಸಿದವರೇ ಹಣ ಕೊಡಬೇಕು ಎಂಬ ನಿಯಮ ಬಂತು. ನೆಟ್‌ಫ್ಲಿಕ್ಸ್‌ಗೂ ಅಲ್ಲಿನ ಇಂಟರ್‌ನೆಟ್ ಕಂಪನಿ ಎಸ್‌ಕೆ ಬ್ರಾಡ್‌ಬ್ಯಾಂಡ್‌ಗೂ ಜಗಳ ಹತ್ತಿತು. 2021ರಲ್ಲಿ ಸೋಲ್ ನಗರದ ನ್ಯಾಯಾಲಯ ನೆಟ್‌ಫ್ಲಿಕ್ಸ್ ವಿರುದ್ಧ ತೀರ್ಪು ಕೊಟ್ಟಿತು. 2023ರಲ್ಲಿ ಇಬ್ಬರೂ ರಾಜಿಯಾಗಿ, ಒಟ್ಟಿಗೆ ವ್ಯಾಪಾರ ಮಾಡುತ್ತೇವೆ ಅಂದರು. ದೊಡ್ಡವರ ಜಗಳ ಹೀಗೆ ಮುಗಿಯಿತು. ಪೆಟ್ಟು ತಿಂದವರು ನೋಡುಗರು. ಆಟಗಳ ನೇರಪ್ರಸಾರಕ್ಕೆ ಹೆಸರಾದ ಟ್ವಿಚ್ 2022ರಲ್ಲಿ ಅಲ್ಲಿಯವರಿಗೆ ವಿಡಿಯೋದ ಗುಣಮಟ್ಟ ಇಳಿಸಿತು. ಬೇರೆ ಬಹುತೇಕ ದೇಶಗಳಿಗಿಂತ ಕೊರಿಯಾದಲ್ಲಿ ಜಾಲದ ಶುಲ್ಕ ಹತ್ತು ಪಟ್ಟು ಅಂತ ಹೇಳಿ 2024ರ ಫೆಬ್ರವರಿಯಲ್ಲಿ ಅಂಗಡಿಯನ್ನೇ ಮುಚ್ಚಿಕೊಂಡು ಹೋಯಿತು. ಯುರೋಪಿನಲ್ಲೂ 2023ರಲ್ಲಿ ಫೋನ್ ಕಂಪನಿಗಳ ಇದೇ ಬೇಡಿಕೆ ಜೋರಾಗಿ ಎದ್ದಿತ್ತು.

ಅಮೆರಿಕದ ಕತೆ ಬೇರೆ, ಮತ್ತು ನಮಗೆ ಹೆಚ್ಚು ಹತ್ತಿರ. ಅಲ್ಲಿಯೂ ನಮ್ಮಂಥದೇ ನಿಧಿ ಇದೆ, 1996ರ ಕಾಯ್ದೆಯ ಮೇಲೆ ನಿಂತದ್ದು. ಹಣ ಬರುವುದು ಮುಖ್ಯವಾಗಿ ಫೋನ್ ಕರೆಗಳ ಆದಾಯದಿಂದ. ಜನ ಕರೆ ಬಿಟ್ಟು ಇಂಟರ್‌ನೆಟ್ ಹಿಡಿದರು, ಬ್ರಾಡ್‌ಬ್ಯಾಂಡ್ ಆದಾಯದ ಮೇಲೆ ಸುಂಕವಿಲ್ಲ. ಆದಾಯ ಕರಗುತ್ತಾ ಬಂದ ಹಾಗೆ ದರ ಏರುತ್ತಾ ಹೋಗಿ, ಈಚಿನ ವರ್ಷಗಳಲ್ಲಿ ಆ ಆದಾಯದ ಮೂರನೇ ಒಂದು ಭಾಗ ದಾಟಿದೆ. ಲ್ಯಾಂಡ್‌ಲೈನ್ ಇಟ್ಟುಕೊಂಡ ಮುದುಕರ ಬಿಲ್ಲಿನ ಮೇಲೂ ಅದು ಕೂರುತ್ತದೆ. ಈ ನಿಧಿಯೇ ಸಂವಿಧಾನಕ್ಕೆ ವಿರುದ್ಧ ಅಂತ ಮೊಕದ್ದಮೆ ಹೂಡಿದರು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಧಿಯನ್ನು ಎತ್ತಿಹಿಡಿಯಿತು. ದೊಡ್ಡ ಟೆಕ್ ಕಂಪನಿಗಳೂ ಕೊಡಲಿ ಎನ್ನುವ ಮಸೂದೆಗೆ ಅಲ್ಲಿ ಎರಡೂ ಪಕ್ಷಗಳ ಸೆನೆಟರುಗಳು ಸಹಿ ಹಾಕಿದ್ದಾರೆ. ತಮ್ಮ ಕಂಪನಿಗಳ ಮೇಲೆ ತಾವು ಸುಂಕ ಹಾಕಬಹುದು, ಬೇರೆ ದೇಶ ಹಾಕಿದರೆ ಮಾತ್ರ ಕೋಪ ಬರುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಸುಂಕವೇಕೆ, ಕಂಪನಿಗಳು ತಾವಾಗಿಯೇ ಮುಂದೆ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಂದಿದ್ದರು. ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಿತ್ತು. ಅದು ಆರಿಸಿದ ಕೆಲವು ತಾಣಗಳು ಮಾತ್ರ ಬಿಟ್ಟಿ. 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಆ ಪದ್ಧತಿಗೆ ತಡೆ ಹಾಕಿತು, ಒಳ್ಳೆಯದೇ ಮಾಡಿತು. ಅದೇ ವರ್ಷ ಗೂಗಲ್, ರೈಲ್‌ಟೆಲ್ ಜೊತೆ ಸೇರಿ ರೈಲು ನಿಲ್ದಾಣಗಳಲ್ಲಿ ಉಚಿತ ವೈಫೈ ಶುರು ಮಾಡಿತು. 400ಕ್ಕೂ ಹೆಚ್ಚು ನಿಲ್ದಾಣಗಳಿಗೆ ಅದು ಹಬ್ಬಿತು, ನಿಜವಾಗಿ ಉಪಯೋಗಕ್ಕೂ ಬಂತು. ಆದರೆ 2020ರಲ್ಲಿ, ಡೇಟಾ ಈಗ ಅಗ್ಗವಾಗಿದೆ ಅಂತ ಹೇಳಿ ಗೂಗಲ್ ಅದರಿಂದ ಕೈ ತೆಗೆಯಿತು. ಅದನ್ನು ತಪ್ಪು ಅನ್ನುವುದಿಲ್ಲ, ಅವರ ದುಡ್ಡು, ಅವರ ಇಷ್ಟ. ಒಂದು ಊರಿಗೆ ನೆಟ್‌ವರ್ಕ್ ಬರುವುದು ಮಾತ್ರ ಇನ್ನೊಬ್ಬರ ಇಷ್ಟದ ಮೇಲೆ ನಿಲ್ಲಬಾರದು.

ನಮ್ಮಲ್ಲೇ ನೋಡಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಒಂದು ಚಿತ್ರ ದೇಶವೆಲ್ಲ ಓಡಾಡಿತು. ಮಗಳು ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ‘ನೆಟ್‌ವರ್ಕ್ ಇಲ್ಲ, ವೋಟೂ ಇಲ್ಲ’ ಎಂಬ ಚಳವಳಿ ಎದ್ದಿತು. ಮಲೆನಾಡಿನಲ್ಲಿ ಒಂದು ಟವರ್ ನಡೆಸುವುದು ಸುಲಭವಲ್ಲ, ಒಪ್ಪುತ್ತೇನೆ. ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಕರೆಂಟ್ ದಿನಗಟ್ಟಲೆ ಇರುವುದಿಲ್ಲ, ಜನರೇಟರಿಗೆ ಡೀಸೆಲ್ ಹೊತ್ತು ಗುಡ್ಡ ಹತ್ತಬೇಕು. ಸುತ್ತ ಚದುರಿದ ನಲವತ್ತು ಐವತ್ತು ಮನೆಗಳ ರೀಚಾರ್ಜಿನಿಂದ ಆ ಖರ್ಚು ಹುಟ್ಟುವುದಿಲ್ಲ. ಸಾರ್ವಜನಿಕ ನಿಧಿ ಬೇಕಾಗುವುದೇ ಇಲ್ಲಿ.

ಹಾಗಾದರೆ ಆನ್‌ಲೈನ್ ಕಂಪನಿಗಳಿಂದ ವಸೂಲಿ ಮಾಡುವುದು ಹೇಗೆ? ಮಾಡಿ ನೋಡಿದ್ದೇವೆ. 2016ರ ಜೂನ್‌ನಿಂದ ಸಮೀಕರಣ ಸುಂಕ ಅಂತ ಒಂದಿತ್ತು, ಪತ್ರಿಕೆಗಳು ‘ಗೂಗಲ್ ತೆರಿಗೆ’ ಅನ್ನುತ್ತಿದ್ದವು. ಇಲ್ಲಿಯವರು ವಿದೇಶಿ ಕಂಪನಿಗೆ ಆನ್‌ಲೈನ್ ಜಾಹೀರಾತಿನ ಹಣ ಕೊಡುವಾಗ ಶೇ. 6 ಹಿಡಿದು ಸರ್ಕಾರಕ್ಕೆ ಕಟ್ಟಬೇಕಿತ್ತು. 2020ರಲ್ಲಿ ವಿದೇಶಿ ಇ-ಕಾಮರ್ಸ್ ಮೇಲೂ ಶೇ. 2 ಬಂತು. ಅಮೆರಿಕ ಸಿಟ್ಟಾಗಿ, ಇದು ತಾರತಮ್ಯ ಎಂದು ಪ್ರತೀಕಾರದ ಸುಂಕದ ಬೆದರಿಕೆ ಹಾಕಿತು. ಶೇ. 2 ಹೋದದ್ದು 2024ರ ಆಗಸ್ಟ್‌ನಲ್ಲಿ, ಶೇ. 6 ಹೋದದ್ದು 2025ರ ಏಪ್ರಿಲ್‌ನಲ್ಲಿ. ಇದ್ದಷ್ಟು ವರ್ಷ ಆ ಹಣ ಸರ್ಕಾರದ ಒಟ್ಟು ಖಜಾನೆಗೆ ಸೇರಿತು, ಹಳ್ಳಿಯ ನೆಟ್‌ವರ್ಕಿಗೆ ಅಂತ ಮೀಸಲಿಡಲಿಲ್ಲ. ನನ್ನ ಮಟ್ಟಿಗೆ ಅದು ಕೈಗೆ ಬಂದು ತಪ್ಪಿದ ಅವಕಾಶ.

ಮತ್ತೆ ತರುವುದಾದರೆ ಸ್ವದೇಶಿ, ವಿದೇಶಿ ಎಂಬ ಭೇದ ಬೇಡ. ಆಗ ತಾರತಮ್ಯದ ದೂರಿಗೆ ಬಲ ಇರುವುದಿಲ್ಲ. ಭಾರತದ ಬಳಕೆದಾರರಿಂದ ಬರುವ ಆದಾಯ ಒಂದು ದೊಡ್ಡ ಮಿತಿ ದಾಟಿದ ಕಂಪನಿಗಳಿಗೆ ಮಾತ್ರ ಇರಲಿ. ಬೆಂಗಳೂರಿನ ಸ್ಟಾರ್ಟಪ್ಪು, ಜಿಲ್ಲೆಯೊಂದರಿಂದ ನಡೆಯುವ ಕನ್ನಡ ಸುದ್ದಿತಾಣ ಇದರಲ್ಲಿ ಸಿಕ್ಕಿಬೀಳಬಾರದು. ಎಷ್ಟು ಡೇಟಾ ಹರಿಯಿತು ಅನ್ನುವುದಕ್ಕಲ್ಲ, ಎಷ್ಟು ಗಳಿಸಿದರು ಅನ್ನುವುದಕ್ಕೆ ಸುಂಕ. ಅದನ್ನೂ ಅವರು ಜಾಹೀರಾತು ಕೊಡುವವರ ಬಿಲ್ಲಿಗೆ ಸೇರಿಸಬಹುದು, ಹಿಂದೆ ಹಾಗೆ ಆಗಿದೆ. ಆದರೂ ಸೋಪಿನ ಕಂಪನಿಯ ಜಾಹೀರಾತು ಬಿಲ್ಲಿನ ಮೇಲೆ ಬೀಳುವ ಭಾರ ಬೇರೆ, ಕೂಲಿಯವನ ರೀಚಾರ್ಜಿನ ಮೇಲೆ ಬೀಳುವ ಭಾರ ಬೇರೆ. ನಾವು ಸಮುದ್ರದಡಿ ಕೇಬಲ್ ಹಾಕಿದ್ದೇವೆ ಅಂತ ಕಂಪನಿಗಳು ಹೇಳುತ್ತವೆ. ಹಾಕಿರುವುದು ನಿಜ. ಮುಂಬೈಗೋ ಚೆನ್ನೈಗೋ ಬಂದು ಮುಟ್ಟುವ ಆ ಕೇಬಲ್ ಆಗುಂಬೆಯ ಆಚೆಯ ಮನೆಗೆ ತಾನಾಗಿ ಹೋಗುವುದಿಲ್ಲ.

ಇನ್ನು ನಮ್ಮ ಮನೆಯ ಹುಳುಕು. ಡಿಜಿಟಲ್ ಭಾರತ್ ನಿಧಿಗೆ ಬಂದ ಹಣ ನೇರವಾಗಿ ಖರ್ಚಾಗುವುದಿಲ್ಲ, ಸರ್ಕಾರದ ಒಟ್ಟು ಖಜಾನೆಯಾದ ಸಂಚಿತ ನಿಧಿಗೆ ಹೋಗಿ ಸಂಸತ್ತಿನ ಒಪ್ಪಿಗೆಯಿಂದ ಹೊರಬರಬೇಕು. ವರ್ಷಗಟ್ಟಲೆ ಬಂದದ್ದು ಹೆಚ್ಚು, ಹೊರಬಂದದ್ದು ಕಡಿಮೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳೂ ಇದನ್ನು ಹೇಳಿವೆ. 2011ರಲ್ಲಿ ಒಪ್ಪಿಗೆ ಪಡೆದ ಈಗಿನ ಭಾರತ್‌ನೆಟ್ ಯೋಜನೆ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಎರಡೇ ವರ್ಷದಲ್ಲಿ ಫೈಬರ್ ಮುಟ್ಟಿಸಬೇಕಿತ್ತು. ಮೊದಲ ಒಂದು ಲಕ್ಷ ಮುಗಿದದ್ದು 2017ರ ಕೊನೆಗೆ. 2023ರಲ್ಲಿ ಮತ್ತೆ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಬಂತು. ಇದ್ದ ಹಣವನ್ನೇ ಖರ್ಚು ಮಾಡದವರು ಹೊಸ ಹಣ ಯಾಕೆ ಕೇಳುತ್ತೀರಿ ಎಂದು ಕಂಪನಿಗಳು ಕೇಳಿದರೆ ಆ ಪ್ರಶ್ನೆಗೆ ಉತ್ತರ ಬೇಕು.

ಉತ್ತರವಾಗಿ ಮೊದಲು ಮಾಡಬೇಕಾದದ್ದು ಒಂದಿದೆ. ಈ ನಿಧಿಯಿಂದ ಯಾವ ತಾಲ್ಲೂಕಿಗೆ ಎಷ್ಟು ಬಂತು, ಯಾವ ಊರಿನ ಟವರ್ ಈಗ ನಡೆಯುತ್ತಿದೆ, ಯಾವುದು ಕೆಟ್ಟು ನಿಂತಿದೆ ಎಂಬ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕು. ಎರಡನೆಯದು ಕಾನೂನು. 2022ರ ಕರಡು ಮಸೂದೆಯಲ್ಲಿ ವಾಟ್ಸಾಪ್‌ನಂಥ ಸೇವೆಗಳೂ ದೂರಸಂಪರ್ಕದ ವ್ಯಾಪ್ತಿಗೆ ಬಂದಿದ್ದವು. 2023ರ ಕಾಯ್ದೆಯ ಹೊತ್ತಿಗೆ ಆ ಪದಗಳನ್ನು ಕೈಬಿಟ್ಟರು. ಈಗಿನ ಕಾಯ್ದೆಯ ಪ್ರಕಾರ ಡಿಜಿಟಲ್ ಭಾರತ್ ನಿಧಿಗೆ ಹಣ ಕಟ್ಟಬೇಕಾದವರು ಸರ್ಕಾರದಿಂದ ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಗಳು ಮಾತ್ರ. ಸಂದೇಶ ಸೇವೆಗಳಿಗೆ ಲೈಸೆನ್ಸಿನ ಕಟ್ಟು ಬೇಡ, ಅದರಿಂದ ಬೇರೆ ಅಪಾಯಗಳಿವೆ. ಸುಂಕವೊಂದಕ್ಕೇ ಪ್ರತ್ಯೇಕ ಕಲಮು ಸಾಕು. ಅದನ್ನು ಸೇರಿಸಬೇಕಾದದ್ದು ಸಂಸತ್ತು, ಕೇಳಬೇಕಾದವರು ನಾವು ಆರಿಸಿ ಕಳಿಸಿದ ಸಂಸದರು.

ನಮಸ್ಕಾರ.