ಗದ್ದೆಯಲ್ಲಿ ನಿದ್ದೆಹೋದ ಋತು

ಸಭೆಗೆ ನಮಸ್ಕಾರ. ಇಲ್ಲಿರುವ ಹಲವರು ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯ ಗದ್ದೆಬದುಗಳಲ್ಲಿ ಓಡಾಡಿ ಬೆಳೆದವರಾದ್ದರಿಂದ, ಇಂಗ್ಲಿಷ್ ಕವಿ ಜಾನ್ ಕೀಟ್ಸ್‌ನ ‘ಟು ಆಟಮ್’ ಎಂಬ ಶರತ್ಕಾಲದ ಕವಿತೆಯನ್ನು ನಾವು ಕೊಯ್ಲಿನ ದಾರಿಯಿಂದಲೇ ಪ್ರವೇಶಿಸೋಣ. 1819ರ ಸೆಪ್ಟೆಂಬರ್ 19ರ ಭಾನುವಾರ ವಿಂಚೆಸ್ಟರಿನಲ್ಲಿ ನಡೆದಾಡಲು ಹೋಗಿದ್ದ 23 ವರ್ಷದ ಕವಿ, ಕೊಯ್ದು ಮುಗಿದ ಹೊಲದ ಕೂಳೆಗಳಲ್ಲಿ ವಸಂತದ ಹಸುರಿಗೂ ಇಲ್ಲದ ಬೆಚ್ಚನೆಯ ಭಾವವನ್ನು ಕಂಡು ಇದನ್ನು ರಚಿಸಿದನೆಂಬುದು ಅವನ ಪತ್ರದಿಂದಲೇ ತಿಳಿಯುತ್ತದೆ. ಹನ್ನೊಂದು ಸಾಲಿನ ಮೂರು ಖಂಡಗಳ ಈ ಕವಿತೆಯಲ್ಲಿ ‘ನಾನು’ ಎಂಬ ಮಾತು ಒಮ್ಮೆಯೂ ಬರುವುದಿಲ್ಲ.

ಮೊದಲ ಖಂಡದಲ್ಲಿ ಶರತ್ತು ಸೂರ್ಯನ ಆಪ್ತ ಸಂಗಾತಿ. ಇಬ್ಬರೂ ಸೇರಿ ಹಣ್ಣುಗಳಿಗೆ ರಸ ತುಂಬುತ್ತಾರೆ. ಎರಡನೆಯದರಲ್ಲಿ ಆ ಋತುವಿಗೆ ಮೈ ಮೂಡುತ್ತದೆ. ಕಣಜದ ನೆಲದ ಮೇಲೆ ಅದು ನಿಶ್ಚಿಂತೆಯಿಂದ ಕುಳಿತಿದೆ, ಕಾಳು ತೂರುವ ಗಾಳಿಗೆ ಕೂದಲು ಮೆಲ್ಲನೆ ಏಳುತ್ತಿದೆ. ಅರ್ಧ ಕೊಯ್ದ ಸಾಲಿನಲ್ಲಿ ಗಸಗಸೆ ಹೂವಿನ ಕಂಪಿಗೆ ನಿದ್ದೆಹೋಗಿದೆ, ಕುಡುಗೋಲು ಮುಂದಿನ ಹಿಡಿ ಪೈರನ್ನು ಹೂವುಗಳ ಸಮೇತ ಉಳಿಸಿದೆ. ಹಕ್ಕಲು ಆಯ್ದವರಂತೆ ಹೊರೆ ಹೊತ್ತ ತಲೆಯನ್ನು ಅಲುಗಿಸದೆ ತೊರೆ ದಾಟುತ್ತಿದೆ. ಸೇಬಿನ ರಸ ಹಿಂಡುವ ಗಾಣದ ಬಳಿ ಕೊನೆಯ ಹನಿಗಳನ್ನು ತಾಸುಗಟ್ಟಲೆ ನೋಡುತ್ತಿದೆ. ಹೊರೆ ಹೊತ್ತು ಅಡಕೆಮರದ ಸಂಕದ ಮೇಲೆ ತೋಡು ದಾಟುವ ಹೆಂಗಸರನ್ನು ಕಂಡವರಿಗೆ ಆ ಮೂರನೆಯ ಚಿತ್ರದಲ್ಲಿ ಕತ್ತಿನ ಬಿಗಿ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಈ ನಾಲ್ಕರಲ್ಲಿ ನಡೆಯುವುದು ಅದೊಂದೇ. ಉಳಿದ ಮೂರೂ ಕೆಲಸದ ಜಾಗದಲ್ಲಿ ಕೆಲಸ ನಿಂತ ಗಳಿಗೆಗಳು.

ಇಲ್ಲಿಗೆ ಬಂದಾಗಲೆಲ್ಲ ನನಗೆ ಕೆಡ್ಡಸ ನೆನಪಾಗುತ್ತದೆ. ಮಕರಮಾಸದ ಕೊನೆಯ ಆ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆಂದು ತುಳುನಾಡಿನವರು ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಅವಳ ವಿಶ್ರಾಂತಿಗಾಗಿ ಮನುಷ್ಯರು ಕೈ ಕಟ್ಟುತ್ತಾರೆ. ಕೀಟ್ಸ್‌ನಲ್ಲಿ ಆಯಾಸಗೊಂಡು ಮಲಗಿರುವುದು ಋತುವೇ, ಅದೂ ಕೂಲಿಯವರ ಕುಡುಗೋಲು ಹಿಡಿದು. ಅದನ್ನು ಪೂಜೆಗೆ ಕೂರಿಸಿದ ದೇವತೆಯೆಂದು ಬೋಧಿಸುವ ವಾಡಿಕೆಯನ್ನು ನಾನು ಒಪ್ಪಲಾರೆ.

ಇನ್ನೊಂದು ಸಂಗತಿ ಕನ್ನಡದಲ್ಲಿ ಪಾಠ ಹೇಳುವಾಗಲೇ ನನ್ನ ಗಮನಕ್ಕೆ ಬಂದದ್ದು. ಮೂಲದಲ್ಲಿ ಸೂರ್ಯನಿಗೆ ಪುಲ್ಲಿಂಗವಿದೆ. ಶರತ್ತನ್ನು ಮಾತ್ರ ಕವಿ ‘ನೀನು’ ಎಂದಷ್ಟೇ ಕರೆಯುತ್ತಾನೆ, ಹೆಣ್ಣೋ ಗಂಡೋ ಹೇಳುವುದಿಲ್ಲ. ನಮ್ಮಲ್ಲಿ ‘ನೀನು ಕುಳಿತಿದ್ದೀಯೆ’ ಎನ್ನುವಾಗ ಲಿಂಗ ತೋರದು. ವಿವರಣೆಗೆ ಇಳಿದ ಕೂಡಲೇ ಅವಳು, ಅವನು, ಅದು ಎಂಬ ಮೂರರಲ್ಲಿ ಒಂದನ್ನು ಆರಿಸಲೇಬೇಕು. ಬಹುಪಾಲು ಮಂದಿ ‘ಅವಳು’ ಎನ್ನುತ್ತಾರೆ. ನಾನು ‘ಅದು’ ಎಂದೇ ಹೇಳುತ್ತ ಬಂದೆ, ಕವಿ ತೆರೆದಿಟ್ಟ ಬಾಗಿಲನ್ನು ಮುಚ್ಚಬಾರದೆಂದು.

ಮೂರನೆಯ ಖಂಡದಲ್ಲಿ ಆ ಮೈ ಮತ್ತೆ ಕಾಣುವುದಿಲ್ಲ. ನಿನಗೂ ನಿನ್ನದೇ ಸಂಗೀತವಿದೆ ಎಂಬ ಸಮಾಧಾನದ ಮಾತಿನ ಹಿಂದೆಯೇ, ಸಂಜೆಗೆಂಪು ತಾಗಿದ ಕೂಳೆಗಳ ಬಯಲಲ್ಲಿ ದನಿಗಳು ಏಳುತ್ತವೆ: ಹೊಳೆಬದಿಯ ನುಸಿಗಳ ಶೋಕಗಾನ, ಬಲಿತ ಕುರಿಮರಿಗಳ ಕೂಗು, ಬೇಲಿಯ ಚಿಮ್ಮಂಡೆ, ತೋಟದ ರಾಬಿನ್ ಹಕ್ಕಿಯ ಸಿಳ್ಳು. ಕೊನೆಗೆ ಆಕಾಶದಲ್ಲಿ ಕವಲುಬಾಲದ ಸ್ವಾಲೋ ಹಕ್ಕಿಗಳು ವಲಸೆಗೆಂದು ಗುಂಪುಗೂಡಿ ಚಿಲಿಪಿಲಿಗುಟ್ಟುತ್ತವೆ. ಅವು ಹೊರಟುಹೋದವೆಂದು ಕೀಟ್ಸ್ ಬರೆಯುವುದಿಲ್ಲ.